ಚಂಪಕ್ಕನ ಬೂಸ್ಟರ್ ಡಬ್ಬಿ

ನಮ್ಮತ್ತೆ ಚಂಪಕ್ಕನ ಬಲಗೈ ಸೋತದ್ದು ಹೊಳೆಗೆ ಹೊಸ ಸೇತುವೆ ಬಂದ ವರ್ಷವೇ. ಒಂದು ಬೆಳಿಗ್ಗೆ ಕಾಫಿ ಲೋಟಕ್ಕೆ ಕೈ ಚಾಚಿದವರು ಹಿಡಿಯಲಾಗದೆ, "ನೋಡೇ ಮಂದಾ, ಈ ಕೈ ನಂದಲ್ಲ ಅನ್ಸುತ್ತೆ" ಎಂದರು. ಲಕ್ವ ಎಂದರು ಡಾಕ್ಟರು. ದಿನಾ ಎಣ್ಣೆ ತಿಕ್ಕಿ, ರಬ್ಬರ್ ಚೆಂಡು ಹಿಸುಕಿಸಿ, ಬೇಸಿಗೆ ಕಳೆಯುವ ಹೊತ್ತಿಗೆ ಲೋಟ ಹಿಡಿಯುವಷ್ಟಾದರು. ಆದರೆ ಅವರಿಗೆ ಲೋಟದ ಚಿಂತೆ ಇರಲಿಲ್ಲ, ಗಿಟಾರಿನ ಚಿಂತೆ ಇತ್ತು.

ಅತ್ತೆ ಊರಿನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದವರು. ಆರ್ಕೆಸ್ಟ್ರಾ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗಿಟಾರ್ ಅವರ ಬಳಿಯೇ ಉಳಿದಿತ್ತು. ಕೆಂಪು ಬಣ್ಣ ಸವೆದು, ಮೊಣಕೈ ಊರುವ ಜಾಗದಲ್ಲಿ ಮರ ಕಾಣುತ್ತಿತ್ತು. ಅಷ್ಟು ಹಳೆಯದಾದ್ದರಿಂದಲೇ ಅದಕ್ಕೆ ಅಷ್ಟು ದನಿ. ನಮ್ಮೂರಲ್ಲಿ ಹೊಸ ವಸ್ತು ಸದ್ದು ಮಾಡುವುದಿಲ್ಲ. ಹೊಸ ಪಾತ್ರೆ ಕೈಜಾರಿದರೆ ಹತ್ತಿ ಬಿದ್ದ ಹಾಗೆ. ಹೊಸ ಚಪ್ಪಲಿ ಮೆಟ್ಟಿದವರು ಬೆನ್ನ ಹಿಂದೆ ಬಂದು ನಿಂತರೆ ಎದೆ ಧಸಕ್ಕೆನ್ನುತ್ತದೆ, ಅದಕ್ಕೇ ಅಂಥವರು ಕೆಮ್ಮುತ್ತ ನಡೆಯುವುದು ಮರ್ಯಾದೆ. ಹೊಸ ಸ್ಕೂಟರ್ ಕೊಂಡವರು ಅದು ಪಳಗುವ ತನಕ ಬಾಯಲ್ಲೇ "ಹೋಯ್ ಹೋಯ್" ಎನ್ನುತ್ತ ಓಡಿಸಬೇಕು. ಮದುಮಗಳಿಗೆ ಅಜ್ಜಿಯ ಬಳೆ ತೊಡಿಸುವುದೂ ಅದಕ್ಕೇ, ಮದುವೆಮನೆಯಲ್ಲಿ ಘಲ್ ಎನ್ನದಿದ್ದರೆ ಹೇಗೆ? ಬಳಸಿ ಬಳಸಿ ಪಳಗಿದ ಮೇಲೆ ಒಂದು ದಿನ ವಸ್ತು ತಾನಾಗಿ ದನಿ ತೆಗೆಯುತ್ತದೆ. ಅತ್ತೆ ಗಿಟಾರಿಗೆ ಹೊಸ ತಂತಿ ತರಿಸಿದರೆ ಮೊದಲು ಅದನ್ನು ಹಿತ್ತಲಲ್ಲಿ ಎಳೆದು ಕಟ್ಟಿ, ಮೇಲೆ ಕರವಸ್ತ್ರ ಒಣಹಾಕಿ ಪಳಗಿಸುತ್ತಿದ್ದರು.

ಊರಿಗೆ ದೊಡ್ಡದೇನಾದರೂ ಹೊಸದಾಗಿ ಬಂದರೆ ಎಲ್ಲರೂ ಸೇರಿ ಪಳಗಿಸುತ್ತೇವೆ. ಆಸ್ಪತ್ರೆಯ ಮೆಟ್ಟಿಲು, ಬಸ್ ನಿಲ್ದಾಣದ ನೆಲ, ಶಾಲೆಯ ಜಗಲಿ, ಎಲ್ಲದರ ಮೇಲೂ ಊರಿಗೆ ಊರೇ ಕುಣಿದಿದೆ. ಕುಣಿಸಿದವರು ಚಂಪಕ್ಕ. ಅವರ ಗಿಟಾರಿಗೆ ಕುಣಿಯದ ಕಾಲು ನಮ್ಮೂರಲ್ಲಿಲ್ಲ. ಬೇರೆಯವರೂ ಪ್ರಯತ್ನಿಸಿದ್ದರು. ಒಮ್ಮೆ ಪಶುವೈದ್ಯರು ಮಾರುಕಟ್ಟೆಯ ಕಟ್ಟೆ ಪಳಗಿಸಲು ಹಾರ್ಮೋನಿಯಂ ನುಡಿಸಿದರು. ಜನ ಕಟ್ಟೆಯ ಮೇಲೆ ಕೂತು ತಲೆದೂಗಿದರು. ಕಟ್ಟೆ ಇವತ್ತಿಗೂ ಮೂಕ.

ಸೇತುವೆಯನ್ನು ಹಾಗೆ ಬಿಡುವಂತಿರಲಿಲ್ಲ. ಅದು ಹಲಗೆಯ ಸೇತುವೆ, ಇಕ್ಕಟ್ಟಾದದ್ದು. ಹೊಳೆಯ ನಡುವಿನ ಬಂಡೆಗೆ ಒರಗಿ ಅಲ್ಲೊಂದು ತಿರುವು ತೆಗೆದುಕೊಳ್ಳುತ್ತದೆ. ಎದುರಿಂದ ಬರುವವರು ಕಾಣುವುದಿಲ್ಲ, ಹಲಗೆ ಸದ್ದು ಮಾಡದಿದ್ದರೆ ಕೇಳುವುದೂ ಇಲ್ಲ. ಸೇತುವೆ ತೆರೆದ ವಾರದಲ್ಲೇ ನನ್ನ ಗಂಡ ವಿರೂಪಾಕ್ಷ ಸೈಕಲ್ಲಿನಲ್ಲಿ ಬನ್ನಿನ ಬುಟ್ಟಿ ಕಟ್ಟಿಕೊಂಡು ಹೋಗುವಾಗ ತಿರುವಿನಲ್ಲಿ ಒಂದು ಎಮ್ಮೆ ಎದುರಾಯಿತು. ಎಮ್ಮೆ ದಾರಿ ಬಿಡಲಿಲ್ಲ. ನಮ್ಮ ಬೇಕರಿಯ ಬನ್ನುಗಳೆಲ್ಲ ಹೊಳೆಯಲ್ಲಿ ಸಾಲಾಗಿ ತೇಲಿಹೋದವು, ಅವುಗಳ ಹಿಂದೆ ಇವರೂ ತೇಲಿದರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎಳೆದುಕೊಂಡರು. ನಕ್ಕು ನಕ್ಕು ಸಾಕಾದೆವು, ಆದರೆ ಆಮೇಲೆ ಅತ್ತೆ ಮಗನ ತಲೆ ಒರೆಸುತ್ತ ಬಹಳ ಹೊತ್ತು ಕೂತಿದ್ದರು. ಮಾರನೆಯ ವಾರ ಒಬ್ಬ ಬಸುರಿ ಹೆಂಗಸು ಕೂದಲೆಳೆಯಲ್ಲಿ ಸ್ಕೂಟರಿನಿಂದ ಪಾರಾದಳು.

ಪಂಚಾಯ್ತಿ ಅಧ್ಯಕ್ಷೆ ಮನೆಗೇ ಬಂದರು.

"ಚಂಪಕ್ಕ, ದೀಪಾವಳಿ ಮುಂಚೆ ಸೇತುವೆ ಪಳಗಿಸ್ಬೇಕು. ನೀವು ಕೂತ್ಕೊಂಡೇ ನುಡಿಸಿ."

"ಕೂರೋಕೇನು, ಕೂರ್ತೀನಿ. ನುಡಿಸೋರು ಯಾರು? ಈ ಕೈ ಸೊಳ್ಳೆ ಓಡ್ಸೋಕೂ ಲಾಯಕ್ಕಿಲ್ಲ ತಾಯಿ."

ಅಧ್ಯಕ್ಷೆ ಹೋದ ಮೇಲೆ ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನಿಂದ ಕೇಳಿಸಿಕೊಂಡೆ. ಎಡಗೈ ಎಂದಿನಂತೆ ಓಡುತ್ತಿತ್ತು, ಒಂದು ಸ್ವರವೂ ತಪ್ಪಲಿಲ್ಲ. ಬಲಗೈ ಮಾತ್ರ ತಂತಿಯನ್ನು ಸವರುತ್ತಿತ್ತು, ಮೀಟುತ್ತಿರಲಿಲ್ಲ. ಅವರು ಆಂಪ್ಲಿಫಯರಿನ ತಿರುಗಣೆಯನ್ನು ಪೂರ್ತಿ ತಿರುಗಿಸಿದರು. ಗುಂಯ್ ಎಂಬ ಸದ್ದು ದೊಡ್ಡದಾಯಿತು, ಗಿಟಾರ್ ಅದರಡಿಯಲ್ಲಿ ಎಲ್ಲೋ ಸಣ್ಣಗೆ ಕೇಳುತ್ತಿತ್ತು, ಜಾತ್ರೆಯಲ್ಲಿ ಕೈಬಿಟ್ಟು ಹೋದ ಮಗುವಿನ ಅಳುವಿನ ಹಾಗೆ.

ನಾನು ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವಳು. ಸುಟ್ಟ ಪಂಪುಗಳ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದು ನನ್ನ ಕೆಲಸ. ಸಂಗೀತ ಗೊತ್ತಿಲ್ಲ, ಆದರೆ ಇಷ್ಟು ಗೊತ್ತಾಯಿತು: ಪೆಟ್ಟಿಗೆಯೊಳಗೆ ಹೋಗುವ ದನಿಯೇ ಬಡಕಲಾದರೆ ಪೆಟ್ಟಿಗೆ ತನ್ನ ಗೊರಕೆಯನ್ನೇ ಜೋರು ಮಾಡುತ್ತದೆ. ಗಿಟಾರಿಗೂ ಪೆಟ್ಟಿಗೆಗೂ ನಡುವೆ ದನಿಗೊಂದು ಕೈಯಾಸರೆ ಬೇಕು. ಅಂಥದ್ದಕ್ಕೆ ಬೂಸ್ಟರ್ ಪೆಡಲ್ ಎನ್ನುತ್ತಾರೆ, ಕಾಲಲ್ಲಿ ಒತ್ತಿದರೆ ಕೆಲಸ ಶುರು ಎಂದು ಪಟ್ಟಣದ ಅಂಗಡಿಯವನು ಹೇಳಿದ. ಅವನ ಬಳಿ ಬಿಡಿ ಭಾಗ ತಂದು, ಅಂಗಡಿಯ ಮೇಜಿನ ಮೇಲೆ ಜೋಡಿಸಿದೆ. ಪುಟ್ಟ ದೀಪ ಹೊತ್ತಿಕೊಂಡಿತು. ಅತ್ತೆ ತಂತಿ ಸವರಿದರು. ಏನೂ ಇಲ್ಲ. ಇದ್ದ ಸಣ್ಣ ದನಿಯೂ ಹೋಯಿತು.

"ಎಲ್ಲಾ ಹೊಸಾ ಸಾಮಾನು ಹಾಕಿದ್ಯಲ್ಲೇ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಊರಲ್ಲೇ ಹುಟ್ಟಿ ಬೆಳೆದು ಇಷ್ಟೂ ಮರೆತ್ಯಾ?"

ಮರೆತಿರಲಿಲ್ಲ. ಇಷ್ಟು ಸಣ್ಣ ಸಾಮಾನಿಗೆ ನಮ್ಮೂರಿನ ಕಟ್ಟಳೆ ತಾಗಲಾರದು ಎಂದುಕೊಂಡಿದ್ದೆ. ಆದರೂ ಕೈ ಸೋತ ಮೇಲೆ ಅತ್ತೆ ಹೀಗೆ ನಕ್ಕದ್ದು ಅದೇ ಮೊದಲು. ಅಷ್ಟಕ್ಕೇ ನನಗೆ ಹುರುಪು ಬಂತು.

ದಾರಿ ತೋರಿಸಿದವರು ವಿರೂಪಾಕ್ಷ. ಹಿಟ್ಟು ನಾದುತ್ತ, "ವಾಣಿ ಮುದ್ದಪ್ಪನ ಹತ್ರ ಒಂದು ಹಳೇ ಪೆಟ್ಟಿಗೆ ಇದೆ, ನೋಡು" ಎಂದರು.

ಮುದ್ದಪ್ಪ ನಾಟಕ ಕಂಪನಿಯಲ್ಲಿ ಅಶರೀರವಾಣಿಯಾಗಿದ್ದವರು. ಪರದೆಯ ಹಿಂದೆ ನಿಂತು ಮೈಕಿನಲ್ಲಿ ದೇವರ ಮಾತಾಡುವುದೊಂದೇ ಅವರ ಪಾತ್ರ. ಅವರ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ನೆನಪಿರುವುದಿಲ್ಲ. ಪಡಸಾಲೆಯಲ್ಲಿ ಮಂಚದ ಮೇಲೆ, ಮಗುವನ್ನು ಮಲಗಿಸಿದ ಹಾಗೆ, ಕಂಪನಿಯ ಎಕೋ ಯಂತ್ರವನ್ನು ಹೊದಿಸಿ ಇಟ್ಟಿದ್ದರು. ಒಂದು ಮಾತು ಆಡಿದರೆ ಅದನ್ನು ಟೇಪಿನಲ್ಲಿ ಹಿಡಿದು ಮತ್ತೆ ಮತ್ತೆ ಮೊಳಗಿಸುವ ಯಂತ್ರ ಅದು. ಟೇಪು ಎಂದೋ ತುಂಡಾಗಿತ್ತು, ಮೋಟಾರ್ ಹಿಡಿದುಕೊಂಡಿತ್ತು.

"ಮೋಟಾರ್ ಸರಿ ಮಾಡೋಕೆ ಬಂದ್ಯೇನಮ್ಮ?" ಎಂದು ಆಸೆಯಿಂದ ಕೇಳಿದರು.

ನಾನು ಅತ್ತೆಯ ಕೈಯ ವಿಷಯ ಹೇಳಿದೆ. ಅವರು ಹೊದಿಕೆ ಸರಿಸಿ ಯಂತ್ರದ ಮೇಲೆ ಕೈಯಿಟ್ಟರು.

"ಒಂದು ಮಾತು ಹೇಳ್ತೀನಿ. ಟೇಪ್ ಹೋದ್ಮೇಲೂ ಒಂದಷ್ಟು ವರ್ಷ ನಾನು ಇದ್ರಲ್ಲೇ ಮಾತಾಡಿದ್ದೆ. ಮಾತು ಮತ್ತೆ ಮತ್ತೆ ಕೇಳ್ತಿರ್ಲಿಲ್ಲ, ನಿಜ. ಆದ್ರೆ ಬರೀ ಒಳಗೆ ಹೋಗಿ ಈಚೆ ಬಂದ್ರೂ ಸಾಕು, ದನಿ ಮೈ ತುಂಬ್ಕೊಳ್ತಿತ್ತು. ಉಪವಾಸ ಇದ್ದೋನಿಗೆ ಅನ್ನ ಹಾಕಿದ್ಹಾಗೆ."

ನಾನು ತೆರೆದು ನೋಡಲೇ ಎಂದೆ. ಮುದ್ದಪ್ಪ ದೀಪ ತಂದು ಹಿಡಿದರು. ನಾನು ಒಂದೊಂದು ಸ್ಕ್ರೂ ತೆಗೆದಾಗಲೂ "ಮೆತ್ತಗೆ, ಮೆತ್ತಗೆ" ಎನ್ನುತ್ತಿದ್ದರು. ಒಳಗೆ, ದನಿ ಟೇಪಿಗೆ ಹೋಗುವ ಮುಂಚೆ, ಬಾಗಿಲಲ್ಲೇ, ಒಂದು ಚಿಕ್ಕ ಭಾಗವಿತ್ತು. ಮೂರು ಕಾಲಿನ ಒಂದು ಟ್ರಾನ್ಸಿಸ್ಟರ್, ಅದರ ಸುತ್ತ ಕಂದು ಬಣ್ಣದ ಕೆಲವು ಕೆಪಾಸಿಟರುಗಳು, ಬಣ್ಣದ ಪಟ್ಟಿಯ ರೆಸಿಸ್ಟರುಗಳು. ಅಷ್ಟೇ. ಬಂದ ದನಿಯನ್ನು ಮೊದಲು ಎತ್ತಿಕೊಳ್ಳುವುದು ಇದೇ. ಎಲ್ಲದರ ಮೇಲೂ ನಾಟಕದ ಮುಖದ ಪೌಡರು ಸಣ್ಣಗೆ ಕೂತಿತ್ತು.

"ಇಷ್ಟು ಸಾಕು ನಂಗೆ" ಎಂದೆ.

ಮುದ್ದಪ್ಪ ದೀಪ ಕೆಳಗಿಟ್ಟರು. ಒಳಗೆ ಹೋದರು, ನೀರು ಕುಡಿದರು, ಬಂದರು, ಮತ್ತೆ ಒಳಗೆ ಹೋದರು. ಕೊನೆಗೆ ಬಾಗಿಲಲ್ಲಿ ನಿಂತು, "ಹಿಂದೆ ನಾಟಕಕ್ಕೆ ನಿಮ್ಮತ್ತೆ ಗಿಟಾರ್ ನುಡಿಸ್ತಿದ್ದಾಗ ನನ್ನ ಮಾತು ಮುಗಿಯೋಕೆ ಬಿಡ್ತಿರ್ಲಿಲ್ಲ. ಮೇಲೆ ಬಿದ್ದು ನುಡಿಸೋರು. ಎಷ್ಟು ಜಗಳ ಆಡಿದೀನಿ ಗೊತ್ತಾ?" ಎಂದರು. ನನ್ನ ಮುಖ ಸಣ್ಣದಾಯಿತು. "ಆ ಕೈ ಸೋತಿದೆ ಅಂತೀಯಲ್ಲ, ಅದು ಸರಿಯಿಲ್ಲ. ತಗೊಂಡು ಹೋಗು. ಆದ್ರೆ ನಾನೂ ಜತೇಲಿ ಬರ್ತೀನಿ. ಬೆಸುಗೆ ಹಾಕೋವಾಗ ಸುಟ್ಟುಬಿಟ್ರೆ?"

ಬಂದೇ ಬಿಟ್ಟರು. ಭಾಗಗಳನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಹೊಸ ಸೇತುವೆ ದಾಟಿ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ವಿರೂಪಾಕ್ಷರ ಶಾಲೆಯ ಕಾಲದ ಅಲ್ಯೂಮಿನಿಯಂ ಊಟದ ಡಬ್ಬಿಗೆ ತೂತು ಕೊರೆದೆ. ತಂತಿ ಸಿಕ್ಕಿಸುವ ಜಾಗಗಳನ್ನೂ ದನಿ ಏರಿಸುವ ತಿರುಗಣೆಯನ್ನೂ ಆರ್ಕೆಸ್ಟ್ರಾದ ಕೆಟ್ಟ ಸೌಂಡ್ ಮಿಕ್ಸರಿನಿಂದ ಕಿತ್ತೆ. ಕಾಲಲ್ಲಿ ಒತ್ತುವ ಸ್ವಿಚ್ಚು ಹಳೆಯ ಹೊಲಿಗೆ ಯಂತ್ರದ ದೀಪದ್ದು. ಕರೆಂಟಿಗೆ, ಬ್ಯಾಟರಿಯ ಬದಲು, ಅಂಗಡಿಯ ಹಳೇ ಎಲಿಮಿನೇಟರ್. ಟ್ರಾನ್ಸಿಸ್ಟರಿನ ಕಾಲುಗಳನ್ನು ಬೆಸೆಯುವಾಗ ಅದರ ಕುತ್ತಿಗೆಗೆ ಚಿಮಟ ಹಿಡಿದು ಬಿಸಿ ಹೀರಿಸಿದೆ. ಮುದ್ದಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ಅತ್ತೆ ಬಂದು ಬಾಗಿಲಲ್ಲಿ ನಿಂತು, "ಓಹೋ, ದೇವರು ಸಾಕ್ಷಾತ್ ಬಂದಿದಾರೆ!" ಎಂದರು.

"ನಿಮ್ಮ ಗಿಟಾರಿಗೋಸ್ಕರ ಬಂದಿಲ್ಲ. ನನ್ನ ಟ್ರಾನ್ಸಿಸ್ಟರ್ ನೋಡ್ಕೊಳ್ಳೋಕೆ ಬಂದಿದೀನಿ."

"ನೋಡ್ಕೊಳ್ಳಿ, ನೋಡ್ಕೊಳ್ಳಿ. ಹಸಿದ್ರೆ ಬನ್ನು ತಿನ್ನಿ."

ಎಲ್ಲ ಮುಗಿದು ಗಿಟಾರ್ ಸಿಕ್ಕಿಸಿದೆವು. ಅತ್ತೆ ಸ್ವಿಚ್ಚನ್ನು ಮೆಟ್ಟಿದರು, ತಂತಿ ಸವರಿದರು. ಮೂಕ. ನನಗೆ ಅಳುವೇ ಬಂತು. ಭಾಗಗಳೆಲ್ಲ ಹಳೆಯವು, ಆದರೆ ಅವುಗಳನ್ನು ಕೂಡಿಸಿದ ಬೆಸುಗೆ ಹೊಸದು. ಡಬ್ಬಿಯೂ ಈಗ ಊಟದ ಡಬ್ಬಿಯಲ್ಲ, ಬೇರೆಯದೇ ವಸ್ತು. ಮುದ್ದಪ್ಪ ಮಂಕಾಗಿ ಕೂತರು. ಅತ್ತೆ ಮಾತ್ರ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತುಳಿಯೋ ಸಾಮಾನು ತಾನೇ? ಊರಲ್ಲಿ ಕಾಲಿಗೇನು ಬರವಾ?" ಎಂದರು.

ಮಾರನೆಯ ಬೆಳಿಗ್ಗೆ ಡಬ್ಬಿ ಬೇಕರಿಯ ಹೊಸ್ತಿಲ ಮುಂದೆ ಕೂತಿತು. ಬಂದವರು ಒಮ್ಮೆ ತುಳಿದೇ ಒಳಗೆ ಬರಬೇಕು, ತುಳಿದವರಿಗೆ ಒಂದು ಖಾರ ಬಿಸ್ಕತ್ತು. ಹೀಗೆಂದು ವಿರೂಪಾಕ್ಷ ಸಾರಿದರು. ಬರೀ ತುಳಿದರೆ ಆಗದು, ಒಳಗೆ ದನಿಯೂ ಹರಿಯಬೇಕು ಎಂದರು ಮುದ್ದಪ್ಪ. ತಮ್ಮ ಮೈಕನ್ನು ಅದಕ್ಕೆ ಸಿಕ್ಕಿಸಿ, ಗಾಜಿನ ಬೀರುವಿನ ಹಿಂದೆ ಮರೆಯಾಗಿ ಕೂತು, ಹಳೆಯ ನಾಟಕಗಳ ಮಾತುಗಳನ್ನು ಒಂದಾದ ಮೇಲೊಂದು ಹೇಳತೊಡಗಿದರು. ಅತ್ತೆಯ ಆಂಪ್ಲಿಫಯರ್ ಪೆಟ್ಟಿಗೆಯಿಂದ ಏನೂ ಬರುತ್ತಿರಲಿಲ್ಲ. ಬೀರುವಿನ ಹಿಂದಿನಿಂದ ಸಣ್ಣ ಗೊಣಗು ಮಾತ್ರ ಕೇಳುತ್ತಿತ್ತು.

ಶಾಲೆಯ ಮಕ್ಕಳು ಬಿಸ್ಕತ್ತಿನ ಆಸೆಗೆ ಹೊರಗೆ ಹೋಗಿ ಹೋಗಿ ಒಳಗೆ ಬಂದರು. ಅಧ್ಯಕ್ಷೆ ಸೀರೆ ಎತ್ತಿ ಹಿಡಿದು ಮೆಟ್ಟಿದರು. ಹಾರ್ಮೋನಿಯಂ ಪಶುವೈದ್ಯರು, "ನಂಗೆ ಬಿಸ್ಕತ್ತು ಬೇಡಪ್ಪ" ಎನ್ನುತ್ತ ಎರಡೂ ಕಾಲಲ್ಲಿ ನಿಂತು ಕುಲುಕಿದರು. ಒಬ್ಬ ಅಜ್ಜಿ ಅದನ್ನು ಕಂಡು ಹೊಸ ದೇವರೆಂದು ತಿಳಿದು ಕುಂಕುಮ ಹಚ್ಚಿ ಹೋದರು. ಸಂಜೆ ಅಂಗಡಿ ಮುಚ್ಚುವಾಗ ನಾನು ಕುಂಕುಮ ಒರೆಸಿ, ಸ್ವಿಚ್ಚಿಗೆ ಒಂದು ಹನಿ ಎಣ್ಣೆ ಬಿಡುತ್ತಿದ್ದೆ. ಹೀಗೇ ದಿನಗಳು ಹೋದವು. ಮುದ್ದಪ್ಪನ ನಾಟಕಗಳು ಮುಗಿದು, ಮತ್ತೆ ಮೊದಲಿನಿಂದ ಶುರುವಾದವು.

ಒಂದು ಮಧ್ಯಾಹ್ನ ಅಂಚೆಯಣ್ಣ ಡಬ್ಬಿ ತುಳಿದು ಒಳಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಒಂದರ ಬದಲು ಬಿಸ್ಕತ್ತುಗಳನ್ನು ಮುಷ್ಟಿ ತುಂಬಿಕೊಂಡ. ಆ ಗಳಿಗೆಯಲ್ಲೇ ಇಡೀ ಬೇಕರಿ ನಡುಗುವ ಹಾಗೆ, "ಎಲೈ ಮೂಢನೇ, ನಿಲ್ಲು! ನಿನ್ನ ಕೃತ್ಯವನ್ನು ಮೂರು ಲೋಕವೂ ನೋಡುತ್ತಿದೆ!" ಎಂಬ ದನಿ ಮೊಳಗಿತು. ಅಂಚೆಯಣ್ಣ ಬಿಸ್ಕತ್ತುಗಳನ್ನೆಲ್ಲ ಚೆಲ್ಲಿ ಕೈ ಮುಗಿದ. ಬೀರುವಿನ ಹಿಂದಿನಿಂದ ಮುದ್ದಪ್ಪ ಮೈಕು ಹಿಡಿದೇ ಎದ್ದು ಬಂದರು. ಬಾಯಿ ಬಿಟ್ಟಿದ್ದರು, ಕಣ್ಣಲ್ಲಿ ನೀರು. "ಬಂತು ಕಣಮ್ಮ, ಬಂತು" ಎಂದು ಪಿಸುಗುಟ್ಟಿದರು. ಆ ಪಿಸುಮಾತೂ ಮೈಕಿನಲ್ಲಿ ಹಾದು ಬೀದಿಯ ಕೊನೆಯವರೆಗೂ ಕೇಳಿತು.

ನಾನು ಅತ್ತೆಯನ್ನು ಕರೆತರಲು ಓಡಿದೆ. ಅವರು ಆಗಲೇ ಎದುರಿಗೆ ಬರುತ್ತಿದ್ದರು, ಗಿಟಾರನ್ನು ಬಗಲಲ್ಲಿ ಅವುಚಿಕೊಂಡು, ಚಪ್ಪಲಿಯನ್ನೂ ಹಾಕದೆ. ಮೆಟ್ಟಿಲ ಮೇಲೆಯೇ ಕೂತು ತಂತಿ ಸಿಕ್ಕಿಸಿದರು. ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ತಂತಿಗಳ ಮೇಲೆ ಇರಿಸಿಕೊಂಡರು. ಬೆರಳು ಸವರಿತು, ಅಷ್ಟೇ. ದನಿ ದಪ್ಪಗೆ, ಬೆಚ್ಚಗೆ ಎದ್ದು ಬಂತು, ಒಲೆಯಿಂದ ಆಗ ತೆಗೆದ ಬ್ರೆಡ್ಡಿನ ಹಾಗೆ. ಇನ್ನೊಂದು ಸ್ವರ. ಇನ್ನೊಂದು. ಅತ್ತೆ ನುಡಿಸುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಏನೋ ದೊಡ್ಡ ಮಾತು ಹೇಳುತ್ತಾರೆಂದುಕೊಂಡೆ.

"ನನ್ನ ಹಳೇ ಕೈಗಿಂತ ಚೆನ್ನಾಗಿದೆ. ಇದನ್ನ ಮಾತ್ರ ಯಾರಿಗೂ ಹೇಳ್ಬೇಡ" ಎಂದು ಕಣ್ಣು ಹೊಡೆದರು.

ಸೇತುವೆ ಪಳಗಿಸುವ ದಿನ ಬಿಸಿಲು ಹದವಾಗಿತ್ತು. ಎರಡೂ ದಡದ ಜನ ತಮ್ಮ ಅತಿ ಹಳೆಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಹುಡುಗಿಯರ ಕಾಲಲ್ಲಿ ಮುತ್ತಜ್ಜಿಯರ ಗೆಜ್ಜೆ. ತಿರುವಿನ ಬಂಡೆಯ ಮೇಲೆ ಅತ್ತೆಗೆ ಕುರ್ಚಿ ಹಾಕಿ, ದಡದಿಂದ ಕರೆಂಟಿನ ತಂತಿ ಎಳೆದು, ಪಕ್ಕದಲ್ಲಿ ಆಂಪ್ಲಿಫಯರ್ ಪೆಟ್ಟಿಗೆ, ಕಾಲ ಬಳಿ ಡಬ್ಬಿ ಇಟ್ಟೆವು. ಮುದ್ದಪ್ಪ ತಮಟೆಯವರ ಹಿಂದೆ ಅಡಗಿ ನಿಂತಿದ್ದರು. ಅತ್ತೆ ಕರೆದು, "ನೀವು ಎದುರಿಗೆ ನಿಂತ್ಕೊಳ್ಳಿ. ನಿಮ್ಮ ಟ್ರಾನ್ಸಿಸ್ಟರ್ ನೋಡ್ಕೊಳ್ಳೋರು ಯಾರು?" ಎಂದರು. ಅವರು ನಾಚಿಕೊಂಡು ಮುಂದೆ ಬಂದರು. "ಓ, ವಾಣಿ ಮುದ್ದಪ್ಪ ಅಂದ್ರೆ ಇವ್ರಾ!" ಎಂದು ಜನ ತಿರುಗಿ ತಿರುಗಿ ನೋಡಿದರು.

ಅತ್ತೆ ಡಬ್ಬಿ ಮೆಟ್ಟಿದರು, ನುಡಿಸಿದರು. ಮೊದಲು ಹತ್ತಿರದವರ ಕಾಲು ಅಲುಗಿತು, ಆಮೇಲೆ ದೂರದವರದು. ದನಿ ನೀರಿನ ಮೇಲೆ ಹರಿದು ಎರಡೂ ದಡ ಮುಟ್ಟಿತು. ಅಧ್ಯಕ್ಷೆ ಕುಣಿದರು, ಪಶುವೈದ್ಯರು ಕುಣಿದರು, ಅಂಚೆಯಣ್ಣ ಟೋಪಿ ಹಾರಿಸಿ ಕುಣಿದ. ವಿರೂಪಾಕ್ಷ ನನ್ನ ಕೈಹಿಡಿದು ಎಳೆದುಕೊಂಡರು. ಎಂದೂ ಎಲ್ಲರೆದುರು ಕುಣಿಯದ ಮುದ್ದಪ್ಪ ಎರಡು ಕೈಯನ್ನೂ ಮೇಲೆತ್ತಿ, ಆಕಾಶದಿಂದ ಏನನ್ನೋ ಇಳಿಸಿಕೊಳ್ಳುವವರ ಹಾಗೆ ಕುಣಿದರು. ಸಾವಿರ ಕಾಲುಗಳು ಬಿದ್ದರೂ ಹಲಗೆ ಮೂಕವಾಗಿತ್ತು, ಗೆಜ್ಜೆ, ತಮಟೆ ಮತ್ತು ಗಿಟಾರ್ ಮಾತ್ರ ಕೇಳುತ್ತಿದ್ದವು. ಹೊತ್ತು ನೆತ್ತಿಗೇರಿತು. ಆಗ ಪೂರ್ವದ ತುದಿಯಲ್ಲಿ ಒಂದು ಹಲಗೆ ಠಪ್ ಎಂದಿತು. ಅದರ ಪಕ್ಕದ್ದು ಠಪ್ ಎಂದಿತು. ಸದ್ದು ಒಂದು ಹಲಗೆಯಿಂದ ಇನ್ನೊಂದಕ್ಕೆ ಹತ್ತಿಕೊಂಡು ನಮ್ಮತ್ತ ಓಡಿಬಂತು, ನಮ್ಮ ಕಾಲಡಿಯಲ್ಲಿ ಹಾದು ಆಚೆ ದಡಕ್ಕೆ ಹೋಯಿತು. ಊರೇ ಕೂಗಿಕೊಂಡಿತು. ಸಂತೋಷಕ್ಕೆ ಜನ ಇನ್ನೂ ಜೋರಾಗಿ ಕುಣಿದರು, ಸೇತುವೆ ಗುಡುಗಿನ ಹಾಗೆ ಧಡಧಡ ಎಂದಿತು.

ಈಗ ಗಿಟಾರ್ ಕೇಳಿಸುತ್ತಿರಲಿಲ್ಲ. ನಾನು ಅತ್ತೆಯನ್ನು ನೋಡಿದೆ. ಕೆಲಸ ಆಯಿತಲ್ಲ, ನಿಲ್ಲಿಸುತ್ತಾರೆ ಎಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿ ಸೇತುವೆಯನ್ನು ದುರುಗುಟ್ಟಿ ನೋಡುತ್ತಿದ್ದರು, ಮಾತಿನ ನಡುವೆ ಬಾಯಿ ಹಾಕಿದವರನ್ನು ನೋಡುವ ಹಾಗೆ. ಆಮೇಲೆ ಬರಿಗಾಲಿನ ಹೆಬ್ಬೆರಳನ್ನು ಡಬ್ಬಿಯ ತಿರುಗಣೆಗೆ ಒತ್ತಿ, ಅದು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೂ ತಿರುಗಿಸಿದರು. ಅಷ್ಟು ದೂರ ನಾವು ಯಾರೂ ಅದನ್ನು ತಿರುಗಿಸಿರಲಿಲ್ಲ. ತಂತಿಗಳ ಮೇಲೆ ಕೈ ಬಿಟ್ಟರು.

ಪೆಟ್ಟಿಗೆಯಿಂದ ಬಂದದ್ದು ಗಿಟಾರಿನ ದನಿಯಾಗಿರಲಿಲ್ಲ. ಬಟ್ಟೆ ಹರಿದ ಹಾಗೆ, ಹುಲಿ ಕೆಮ್ಮಿದ ಹಾಗೆ, ಜೇನುಗೂಡಿಗೆ ಬೆಂಕಿ ಹತ್ತಿದ ಹಾಗೆ ಒಂದು ಗರಗರ ಗರ್ಜನೆ ಎದ್ದು, ಆರದೆ ನಿಂತಿತು. ಕುಣಿಯುತ್ತಿದ್ದವರೆಲ್ಲ ಕಾಲು ಎತ್ತಿದ ಹಾಗೇ ನಿಂತರು. ತಮಟೆ ನಿಂತಿತು. ಮುದ್ದಪ್ಪನ ಕೈ ಎದೆಗೆ ಹೋಯಿತು. ನಮ್ಮೂರಿನ ಪ್ರತಿಯೊಂದು ಸದ್ದೂ ಯಾರದೋ ಅಜ್ಜಿಗೆ ಪರಿಚಯವಿದ್ದದ್ದೇ. ಇದು ಯಾರಿಗೂ ಪರಿಚಯವಿರಲಿಲ್ಲ.

ನಾನು ಜನರನ್ನು ತಳ್ಳಿಕೊಂಡು ಬಂಡೆ ಹತ್ತಿದೆ. "ಅತ್ತೆ, ನಿಲ್ಸಿ! ಒಳಗೆ ಏನೋ ಸುಟ್ಟಿದೆ!"

ಅತ್ತೆ ತಲೆಯನ್ನು ಪೆಟ್ಟಿಗೆಯತ್ತ ಓರೆ ಮಾಡಿ, ಆ ಗರ್ಜನೆ ಹೊಳೆಯ ಮೇಲೆ ಎಲ್ಲಿಯವರೆಗೆ ಹೋಗುತ್ತದೆಂದು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖ ಹತ್ತು ವರ್ಷದ ಹುಡುಗಿಯ ಮುಖವಾಗಿತ್ತು.

"ಸುಟ್ಟಿಲ್ಲ ಕಣೇ" ಎಂದರು. "ಹುಟ್ಟಿದೆ."

ಸೋತ ಕೈಯನ್ನು ಮತ್ತೆ ಎಡಗೈಯಿಂದ ಎತ್ತಿ, ಮೊದಲಿಗಿಂತ ಎತ್ತರದಿಂದ ತಂತಿಗಳ ಮೇಲೆ ಬಿಟ್ಟರು.